ಸ್ಟಾರ್ ಟ್ರೆಕ್ ಅನಿಮೇಟೆಡ್ (1973–74): ಮತ್ತೆ ನೋಡುವವರಿಗೆ, ಎಲ್ಲಿಂದ ಶುರು ಮಾಡಬೇಕು, ಏನು ಗಮನಿಸಬೇಕು

ಪೆಗ್‌ಬಾರ್

ಅಮೆರಿಕದ ಹಳೆಯ ಶನಿವಾರ ಬೆಳಗಿನ ಕಾರ್ಟೂನುಗಳಲ್ಲಿ ಇವತ್ತಿಗೂ ಕೂತು ನೋಡುವಂಥ ವಿಜ್ಞಾನಕಥಾ ಸರಣಿ ಯಾವುದು ಅಂದರೆ ನನ್ನ ಉತ್ತರ ಇದೇ. ಆದರೆ ನೋಡಲು ಕೂತವರಲ್ಲಿ ಬಹಳ ಮಂದಿ ಎರಡನೇ ಕಂತಿಗೇ ಎದ್ದುಬಿಡುತ್ತಾರೆ. "ಯಾರೂ ಅಲ್ಲಾಡೋದೇ ಇಲ್ಲ" ಅನ್ನುವುದು ದೂರು. ದೂರು ಸುಳ್ಳಲ್ಲ. ಆದರೆ ಯಾಕೆ ಅಲ್ಲಾಡುವುದಿಲ್ಲ, ಉಳಿಸಿದ ದುಡಿಮೆ ಎಲ್ಲಿಗೆ ಹೋಯಿತು ಅಂತ ಗೊತ್ತಾದರೆ ಇದೇ ಸರಣಿ ಬೇರೆ ಥರ ಕಾಣುತ್ತದೆ. ಅದಕ್ಕೇ ಈ ಎಳೆ.

ಮೊದಲು ಲೆಕ್ಕ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1973ರ ಸೆಪ್ಟೆಂಬರ್ 8ರಂದು ಶುರು, 1974ರ ಅಕ್ಟೋಬರ್ 12ಕ್ಕೆ ಕೊನೆಯ ಹೊಸ ಕಂತು. ಮೊದಲ ವರ್ಷ 16, ಎರಡನೇ ವರ್ಷ 6, ಒಟ್ಟು 22. ಒಂದೊಂದು ಸುಮಾರು 24 ನಿಮಿಷ, ಅಂದರೆ ಪೂರ್ತಿ ಸರಣಿ ಒಂಬತ್ತು ಗಂಟೆಗೂ ಸ್ವಲ್ಪ ಕಡಿಮೆ. ತಯಾರಿಸಿದ್ದು ಲೂ ಶೈಮರ್ ಮತ್ತು ನಾರ್ಮ್ ಪ್ರೆಸ್ಕಾಟ್ ಅವರ ಫಿಲ್ಮೇಷನ್. ಮೊದಲ ವರ್ಷದ ನಿರ್ದೇಶಕರು ಹ್ಯಾಲ್ ಸದರ್‌ಲ್ಯಾಂಡ್, ಎರಡನೇ ವರ್ಷ ಬಿಲ್ ರೀಡ್. ಕಥಾ ಸಂಪಾದನೆ ಡೊರೊತಿ ಫಾಂಟಾನಾ ಅವರದು, ಮೂಲ ಧಾರಾವಾಹಿಯಲ್ಲೂ (1960ರ ದಶಕದ, ನಟರಿದ್ದ ಸ್ಟಾರ್ ಟ್ರೆಕ್, ಎಂಟರ್‌ಪ್ರೈಸ್ ಅನ್ನುವ ಅಂತರಿಕ್ಷ ಹಡಗಿನವರ ಕಥೆ) ಅದೇ ಕೆಲಸ ಮಾಡಿದ್ದವರು. ಈ ಒಂದು ನೇಮಕವೇ ಸರಣಿಯ ಬೆನ್ನೆಲುಬು. 1973ರಲ್ಲೇ ಅಮೆರಿಕದ ಟಿವಿ ಬರಹಗಾರರ ಮುಷ್ಕರ ನಡೆದಿತ್ತು, ಅನಿಮೇಷನ್ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಹಾಗಾಗಿ ಮಕ್ಕಳ ಕಾರ್ಟೂನಿಗೆ ಸಾಮಾನ್ಯವಾಗಿ ಸಿಗದಂಥ ಬರಹಗಾರರು ಇಲ್ಲಿಗೆ ಸಿಕ್ಕರು.

ಪ್ರಸಾರವಾದ ಕ್ರಮದಲ್ಲೇ ನೋಡಬೇಕಿಲ್ಲ, ಕಥೆ ಕಂತಿನಿಂದ ಕಂತಿಗೆ ಮುಂದುವರಿಯುವುದಿಲ್ಲ. ನನ್ನ ಸಲಹೆ: ಮೊದಲು 'ಯೆಸ್ಟರ್‌ಇಯರ್'. ಆಮೇಲೆ 'ದ ಸ್ಲೇವರ್ ವೆಪನ್', 'ಹೌ ಶಾರ್ಪರ್ ದ್ಯಾನ್ ಎ ಸರ್ಪೆಂಟ್ಸ್ ಟೂತ್', 'ದ ಲೊರಲೈ ಸಿಗ್ನಲ್', 'ಬೆಮ್', 'ದ ಪ್ರಾಕ್ಟಿಕಲ್ ಜೋಕರ್'. ಇಷ್ಟಾದ ಮೇಲೆ ಮೊದಲ ಕಂತು 'ಬಿಯಾಂಡ್ ದ ಫಾರ್ದೆಸ್ಟ್ ಸ್ಟಾರ್'ಗೆ ಬನ್ನಿ. ಅಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ, ಆ ಕಂತಿನ ಸತ್ತ ಹಡಗಿನ ಹಿನ್ನೆಲೆ ಚಿತ್ರಗಳ ಬೆಲೆ ತಿಳಿಯುತ್ತದೆ.

ಹೊಸಬ_22

ಪೆಗ್‌ಬಾರ್ ಅವರೇ, ಶುರು ಮಾಡಿದೆ. ಎರಡು ತೊಂದರೆ. ಚಿತ್ರ ಅಡ್ಡಡ್ಡ ಹಿಗ್ಗಿದ ಹಾಗಿದೆ, ಎಲ್ಲರ ಮುಖವೂ ಅಗಲ. ಜೊತೆಗೆ ಮಾತಾಡುವಾಗ ಬಾಯಿಯ ಸುತ್ತ ಏನೋ ಕದಡಿದ ಹಾಗೆ ಕಾಣುತ್ತದೆ. ಡಿವಿಡಿ ಹಾಳಾಗಿದೆಯಾ?

ಇಂಟರ್‌ಲೇಸ್

ಡಿವಿಡಿ ಸರಿಯಾಗೇ ಇದೆ, ಎರಡೂ ನಿಮ್ಮ ಟಿವಿಯ ಕೆಲಸ.

ಅಗಲದ ವಿಚಾರ. ಸರಣಿ ಮಾಡಿದ್ದು 4:3 ಅಳತೆಗೆ. ಟಿವಿ 'ಫುಲ್' ಅಥವಾ 'ವೈಡ್' ಇದ್ದರೆ ಅದನ್ನು 16:9ಕ್ಕೆ ಎಳೆಯುತ್ತದೆ, ಅಗಲ ಮೂರನೇ ಒಂದರಷ್ಟು ಹೆಚ್ಚುತ್ತದೆ. ಎಂಟರ್‌ಪ್ರೈಸ್ ಹಡಗಿನ ಮುಂದಿನ ತಟ್ಟೆ ದೋಸೆ ಎಳೆದ ಹಾಗೆ ಕಂಡರೆ ಇದೇ ಕಾರಣ. 'ಜೂಮ್' ಹಾಕಬೇಡಿ, ಅದು ಮೇಲೆ ಕೆಳಗೆ ಸೇರಿ ಎತ್ತರದ ಕಾಲು ಭಾಗ ಕತ್ತರಿಸುತ್ತದೆ, ಬ್ರಿಡ್ಜ್‌ನ, ಅಂದರೆ ಹಡಗಿನ ನಿಯಂತ್ರಣ ಕೊಠಡಿಯ, ಶಾಟ್‌ಗಳಲ್ಲಿ ನಿಂತವರ ತಲೆ ಹೋಗುತ್ತದೆ. 4:3 ಆರಿಸಿ. 1920×1080 ಪರದೆಯಲ್ಲಿ ಚಿತ್ರ 1440 ಅಗಲಕ್ಕೆ ಬಂದು ಎಡ ಬಲ 240 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯಬೇಕು. ಅಷ್ಟಿದ್ದರೆ ಸರಿ.

ಬಾಯಿ ಕದಡುವುದು ಮೋಷನ್ ಸ್ಮೂದಿಂಗ್‌ನಿಂದ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ, ಚಿತ್ರದ ಸೆಟ್ಟಿಂಗಿನಲ್ಲಿ 'ಮೋಷನ್' ಅಂತ ಇರುವುದನ್ನೆಲ್ಲ ಆಫ್ ಮಾಡಿ. ಟಿವಿ ಎರಡು ಫ್ರೇಮಿನ ನಡುವೆ ತಾನೇ ಒಂದು ಫ್ರೇಮ್ ಕಟ್ಟಿ ಸೇರಿಸುತ್ತದೆ. ಈ ಸರಣಿಯಲ್ಲಿ ಮುಚ್ಚಿದ ಬಾಯಿಯಿಂದ ತೆರೆದ ಬಾಯಿಗೆ ಒಂದೇ ಜಿಗಿತ, ನಡುವಿನ ಚಿತ್ರವನ್ನು ಯಾರೂ ಬರೆದೇ ಇಲ್ಲ. ಇಲ್ಲದ್ದನ್ನು ಟಿವಿ ಊಹಿಸಿದಾಗ ಎರಡೂ ಬಾಯಿ ಕಲಸಿಹೋಗುತ್ತವೆ. ಹಾಗೇ ಶಾರ್ಪ್‌ನೆಸ್ ಇಳಿಸಿ. ಜಾಸ್ತಿ ಇದ್ದರೆ ಕಪ್ಪು ಗೆರೆಗಳ ಪಕ್ಕ ಬಿಳಿ ಅಂಚು ಏಳುತ್ತದೆ, ಕೈಯಲ್ಲಿ ಬರೆದ ಗೆರೆಯ ಸೊಗಸೇ ಹೋಗುತ್ತದೆ. ನಾಯ್ಸ್ ರಿಡಕ್ಷನ್ ಕೂಡ ಬೇಡ, ಹಿನ್ನೆಲೆಯ ಕುಂಚದ ಗುರುತುಗಳನ್ನು ಅದು ಗಲೀಜು ಅಂದುಕೊಂಡು ಒರೆಸಿಹಾಕುತ್ತದೆ.

ಕಂಪ್ಯೂಟರಿನಲ್ಲಿ ನೋಡುವವರಿಗೆ ಇನ್ನೊಂದು. ಅಮೆರಿಕದ ಎನ್‌ಟಿಎಸ್‌ಸಿ (ಅಲ್ಲಿನ ಟಿವಿ ಪದ್ಧತಿ) ಡಿವಿಡಿಯಲ್ಲಿ ಬಾಚಣಿಗೆ ಹಲ್ಲಿನಂಥ ಅಡ್ಡಗೆರೆ ಕಂಡರೆ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಮೂರು ಫ್ರೇಮ್ ಸ್ವಚ್ಛ, ಎರಡು ಹಲ್ಲು, ಮತ್ತೆ ಮೂರು ಸ್ವಚ್ಛ, ಹೀಗೆ ಐದರ ಲಯ ಇದ್ದರೆ ಅದು ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 30ಕ್ಕೆ ಹೊಂದಿಸಿದ ಗುರುತು. ವಿಎಲ್‌ಸಿ ಪ್ಲೇಯರಿನಲ್ಲಿ ಡೀಇಂಟರ್‌ಲೇಸ್ (ಈ ಗೆರೆ ತೆಗೆಯುವ ಆಯ್ಕೆ) ಆನ್ ಮಾಡಿ, ಬಗೆಯಲ್ಲಿ 'ಫಿಲ್ಮ್ ಎನ್‌ಟಿಎಸ್‌ಸಿ (ಐವಿಟಿಸಿ)' ಆರಿಸಿ. 'ಬಾಬ್', 'ಬ್ಲೆಂಡ್' ಆರಿಸಬೇಡಿ. ಬ್ಲೆಂಡ್ ಹಾಕಿದರೆ ಗೆರೆ ಹೋಗುತ್ತದೆ, ಬದಲಿಗೆ ಎರಡು ಚಿತ್ರ ಒಂದರ ಮೇಲೊಂದು ನೆರಳಾಗಿ ಉಳಿಯುತ್ತವೆ.

ನಮ್ಮ ಕಡೆ ಪಾಲ್ (ನಮ್ಮಲ್ಲಿ ಬಳಕೆಯ ಟಿವಿ ಪದ್ಧತಿ) ಡಿಸ್ಕ್ ಇರುವವರು ಗಮನಿಸಿ: ಸೆಕೆಂಡಿಗೆ 24 ಫ್ರೇಮಿನದನ್ನು 25ಕ್ಕೆ ಓಡಿಸಿರುತ್ತಾರೆ. 24 ನಿಮಿಷದ ಕಂತು 23 ನಿಮಿಷಕ್ಕೆ ಮುಗಿಯುತ್ತದೆ, ದನಿ ಮುಕ್ಕಾಲು ಸೆಮಿಟೋನಿನ ಹತ್ತಿರ ಏರುತ್ತದೆ. ಎಂಪಿವಿ ಪ್ಲೇಯರಿನಲ್ಲಿ ವೇಗ 0.96 ಇಟ್ಟು, ಶ್ರುತಿ ಕಾಯ್ದುಕೊಳ್ಳುವ ಆಯ್ಕೆಯನ್ನು ಆಫ್ ಮಾಡಿದರೆ ಎರಡೂ ಸರಿಹೋಗುತ್ತವೆ. ಅದು ಆನ್ ಇದ್ದರೆ ವೇಗ ಮಾತ್ರ ಇಳಿಯುತ್ತದೆ, ದನಿ ಕೀರಲಾಗೇ ಉಳಿಯುತ್ತದೆ. ಡಿಸ್ಕ್ ತರಿಸುವವರಿಗೆ: ಭಾರತ ಡಿವಿಡಿಗೆ 5ನೇ ವಲಯ, ಬ್ಲೂ-ರೇಗೆ ಸಿ ವಲಯ. ಡಬ್ಬಿಯ ಹಿಂದಿನ ಗುರುತು ನೋಡದೆ ಆರ್ಡರ್ ಮಾಡಬೇಡಿ. ಡಿವಿಡಿ ಬಂದದ್ದು 2006ರಲ್ಲಿ, ಬ್ಲೂ-ರೇ 2016ರಲ್ಲಿ.

ಹೊಸಬ_22

ಮೋಷನ್ ಆಫ್ ಮಾಡಿದ ಕೂಡಲೇ ಬಾಯಿ ಸರಿಹೋಯಿತು. ತುಂಬಾ ಧನ್ಯವಾದ. "ನಡುವಿನ ಚಿತ್ರ ಬರೆದೇ ಇಲ್ಲ" ಅಂದಿರಲ್ಲ, ಹಾಗಾದರೆ ಒಂದು ಕಂತಿಗೆ ಎಷ್ಟು ಚಿತ್ರ?

ಪೆಗ್‌ಬಾರ್

24 ನಿಮಿಷ ಅಂದರೆ 34,560 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 17,280 ಬೇಕು. ವಾರಕ್ಕೊಂದು ಕಂತು ಕೊಡಬೇಕಾದ ಸ್ಟುಡಿಯೊ ಅಷ್ಟನ್ನು ಹೊಸದಾಗಿ ಬರೆಯುವ ಮಾತೇ ಇಲ್ಲ. ಅದೂ ಬೇರೆಯವರು ಕೆಲಸವನ್ನು ಹೊರದೇಶಕ್ಕೆ ಕಳಿಸುತ್ತಿದ್ದ ಕಾಲದಲ್ಲಿ ಫಿಲ್ಮೇಷನ್ ಅಮೆರಿಕದಲ್ಲೇ ಮಾಡಿಸುತ್ತಿತ್ತು. ಹಾಗಾಗಿ ಉಳಿತಾಯವೆಲ್ಲ ಚಿತ್ರದ ಸಂಖ್ಯೆಯಲ್ಲೇ ಆಗಬೇಕಿತ್ತು.

ಒಂದು ಪ್ರಯೋಗ ಮಾಡಿ. ಬ್ರಿಡ್ಜ್‌ನಲ್ಲಿ ಯಾರಾದರೂ ಸಮೀಪದಲ್ಲಿ ಮಾತಾಡುವ ಒಂದು ಶಾಟ್ ಹುಡುಕಿ, ನಾಲ್ಕೈದು ಸೆಕೆಂಡಿನದು ಸಾಕು. ವಿಎಲ್‌ಸಿಯಲ್ಲಿ 'ಇ' ಒತ್ತಿದರೆ ಒಂದೊಂದೇ ಫ್ರೇಮ್. ಎಂಪಿವಿಯಲ್ಲಿ ಫುಲ್‌ಸ್ಟಾಪ್ ಕೀ ಮುಂದಕ್ಕೆ, ಅಲ್ಪವಿರಾಮದ ಕೀ ಹಿಂದಕ್ಕೆ. ಈಗ ಭುಜದ ಗೆರೆ ನೋಡಿ, ಅಲುಗುವುದಿಲ್ಲ. ಕೂದಲು, ಕಿವಿ, ಅಂಗಿಯ ಕತ್ತು, ಯಾವುದೂ ಇಲ್ಲ. ಬಾಯಿ ಮಾತ್ರ ಎರಡು ಮೂರು ಫ್ರೇಮಿಗೊಮ್ಮೆ ಬದಲಾಗುತ್ತದೆ. ಎಣಿಸುತ್ತಾ ಹೋದರೆ ಐದಾರು ಬಾಯಿಗಳೇ ತಿರುಗಿ ತಿರುಗಿ ಬರುತ್ತಿವೆ ಅಂತ ಗೊತ್ತಾಗುತ್ತದೆ: ಮ-ಬ-ಪಗೆ ಮುಚ್ಚಿದ್ದು, ಆ-ಗೆ ತೆರೆದದ್ದು, ಓ-ಗೆ ದುಂಡಗಿನದು, ಎಫ್-ವಿಗೆ ಕೆಳತುಟಿ ಕಚ್ಚಿದ್ದು, ಹೀಗೆ. ಕಣ್ಣು ಮಿಟುಕಿಸಿದರೆ ಅದಕ್ಕೆ ಎರಡು ಮೂರು ಚಿತ್ರ. ನಾಲ್ಕು ಸೆಕೆಂಡು ಅಂದರೆ 96 ಫ್ರೇಮ್, ಬರೆದದ್ದು ಹತ್ತು ಹನ್ನೊಂದು ಚೂರು.

ಇದಕ್ಕೆ ಅನುಕೂಲ ಮಾಡಿಕೊಡುವುದು ಸೆಲ್. ಪಾರದರ್ಶಕ ಅಸಿಟೇಟ್ ಹಾಳೆ, ಮುಂದೆ ಗೆರೆ, ಹಿಂದೆ ಬಣ್ಣ. ಮೈ ಒಂದು ಹಾಳೆ, ತಲೆ ಒಂದು, ಬಾಯಿ ಒಂದು, ಕಣ್ಣು ಒಂದು. ಕೆಳಗೆ ಹಿನ್ನೆಲೆ ಚಿತ್ರ. ಎಲ್ಲವನ್ನೂ ಪೆಗ್ ಅನ್ನುವ ಗೂಟಗಳಿಗೆ ಸಿಕ್ಕಿಸಿ, ಮೇಲೆ ಗಾಜು ಒತ್ತಿ, ಕ್ಯಾಮೆರಾದಲ್ಲಿ ಒಂದೊಂದು ಫ್ರೇಮ್ ತೆಗೆಯುತ್ತಾರೆ. ದನಿ ಮೊದಲೇ ರೆಕಾರ್ಡ್ ಆಗಿರುತ್ತದೆ. ಆ ಟೇಪನ್ನು ಫ್ರೇಮ್ ಲೆಕ್ಕದಲ್ಲಿ ಬಿಡಿಸಿ, ಎಷ್ಟನೇ ಫ್ರೇಮಿಗೆ ಯಾವ ಬಾಯಿ ಅಂತ ಎಕ್ಸ್‌ಪೋಷರ್ ಶೀಟಿನಲ್ಲಿ ಬರೆದಿಟ್ಟಿರುತ್ತಾರೆ.

ತಪ್ಪುಗಳು ಹುಟ್ಟುವುದೂ ಇಲ್ಲೇ, ಅವು ಕಣ್ಣಿಗೆ ಬಿದ್ದಾಗ ಕಾರಣ ಊಹಿಸುವುದು ಖುಷಿಯ ಕೆಲಸ. ಯಾವ ಸೆಲ್ಲೂ ಪೂರ್ತಿ ಪಾರದರ್ಶಕ ಅಲ್ಲ, ಒಂದೊಂದು ಪದರವೂ ಕೆಳಗಿನದನ್ನು ಚೂರು ಮಂಕು ಮಾಡುತ್ತದೆ. ಅದಕ್ಕೆ ಕೆಳಪದರದ ಬಣ್ಣವನ್ನು ಸ್ವಲ್ಪ ತಿಳಿಯಾಗಿ ಬೆರೆಸಿಕೊಳ್ಳಬೇಕು. ಅದು ತಪ್ಪಿದರೆ, ಅಥವಾ ಶಾಟಿನ ನಡುವೆ ಕೈ ಒಂದು ಪದರದಿಂದ ಇನ್ನೊಂದಕ್ಕೆ ಹೋದರೆ, ಮುಖದ ಬಣ್ಣ ಒಂದು, ಕೈಯ ಬಣ್ಣ ಇನ್ನೊಂದು. ಬಾಯಿ ಇದ್ದಕ್ಕಿದ್ದಂತೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೆ ಸೆಲ್ಲಿನ ತೂತು ಪೆಗ್ಗಿನಲ್ಲಿ ಸಡಿಲ. ಪಾತ್ರದ ಸುತ್ತ ತೆಳ್ಳನೆ ನೆರಳು ಬಿದ್ದರೆ ಗಾಜು ಸರಿಯಾಗಿ ಕೂತಿಲ್ಲ, ಸೆಲ್ ಎದ್ದಿದೆ. ಬಿಳಿ ಚುಕ್ಕೆ ಒಂದೇ ಫ್ರೇಮಿಗೆ ಬಂದು ಹೋದರೆ ಫಿಲ್ಮಿನ ನೆಗೆಟಿವ್ ಮೇಲೆ ಧೂಳು. ಅದೇ ಚುಕ್ಕೆ ಬಾಯಿಯ ಜೊತೆ ಮತ್ತೆ ಮತ್ತೆ ಬಂದರೆ ಧೂಳು ಇರುವುದು ಆ ಬಾಯಿಯ ಸೆಲ್ ಮೇಲೆ.

ನಡಿಗೆಯಲ್ಲೂ ಒಂದು ಸೂಕ್ಷ್ಮ. ಪಾತ್ರ ಪರದೆಯ ನಡುವೆ ಒಂದೇ ಜಾಗದಲ್ಲಿ ಕಾಲು ಹಾಕುತ್ತಿರುತ್ತದೆ, ಹಿನ್ನೆಲೆ ಹಿಂದಕ್ಕೆ ಸರಿಯುತ್ತದೆ. ಹನ್ನೆರಡು ಚಿತ್ರದ ನಡಿಗೆಯನ್ನು ಎರಡೆರಡು ಫ್ರೇಮ್ ತೆಗೆದರೆ ಒಂದು ಸೆಕೆಂಡಿಗೆ ಎರಡು ಹೆಜ್ಜೆ. ಆ ಎರಡು ಹೆಜ್ಜೆಯ ದೂರ ಕಾಗದದ ಮೇಲೆ 3 ಇಂಚು ಅಂತಿದ್ದರೆ ಹಿನ್ನೆಲೆ ಫ್ರೇಮಿಗೆ 1/8 ಇಂಚು ಸರಿಯಬೇಕು. ಹೆಚ್ಚು ಸರಿದರೆ ಕಾಲು ಜಾರಿದ ಹಾಗೆ, ಕಡಿಮೆಯಾದರೆ ಕೆಸರಲ್ಲಿ ನಡೆದ ಹಾಗೆ. ನಡಿಗೆ, ಮತ್ತೆ ಮತ್ತೆ ಬಳಸಲು ಬರೆದಿಟ್ಟ ಚಿತ್ರಗಳ ಸಂಗ್ರಹದಿಂದ ಬಂದದ್ದು, ಹಿನ್ನೆಲೆ ಈ ಕಂತಿಗೆ ಬರೆದದ್ದು, ಎರಡರ ಲೆಕ್ಕ ಸದಾ ಕೂಡುವುದಿಲ್ಲ.

ತಾಳಮದ್ದಳೆ

ನಮ್ಮ ಕರಾವಳಿಯವರಿಗೆ ಇದು ಅರ್ಥವಾಗುವುದು ಸುಲಭ ಮಾರಾಯ್ರೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಅರ್ಥ ಹೇಳುವುದು. ಯುದ್ಧವೂ ಮಾತಿನಲ್ಲೇ. ಬಯಲಾಟದ ಕಣ್ಣಿಟ್ಟುಕೊಂಡು ಹೋದರೆ ಬೇಜಾರು, ಕಿವಿ ಇಟ್ಟುಕೊಂಡು ಹೋದರೆ ರಾತ್ರಿ ಕಳೆದದ್ದು ಗೊತ್ತಾಗುವುದಿಲ್ಲ. ಈ ಸರಣಿಗೂ ಅದೇ ಕಿವಿ ಬೇಕು.

ಕಿವಿಗೊಟ್ಟು

ಹೌದು, ದನಿಯ ಬಗ್ಗೆ ಹೇಳಲೇಬೇಕು. ವಿಲಿಯಂ ಶ್ಯಾಟ್ನರ್, ಲೆನರ್ಡ್ ನಿಮೋಯ್, ಡಿಫಾರೆಸ್ಟ್ ಕೆಲಿ, ಜೇಮ್ಸ್ ಡೂಹನ್, ನಿಶೆಲ್ ನಿಕೋಲ್ಸ್, ಜಾರ್ಜ್ ಟಕೇ, ಮೇಜಲ್ ಬ್ಯಾರೆಟ್ ಎಲ್ಲರೂ ಮೂಲ ಧಾರಾವಾಹಿಯ ನಟರೇ. ಮೊದಲ ಯೋಜನೆಯಲ್ಲಿ ನಿಕೋಲ್ಸ್, ಟಕೇ ಇರಲಿಲ್ಲ. ಅವರಿಬ್ಬರಿಲ್ಲದೆ ತಾನು ಮಾಡುವುದಿಲ್ಲ ಅಂತ ನಿಮೋಯ್ ಪಟ್ಟು ಹಿಡಿದರು, ಆಗ ಸೇರಿಸಿಕೊಂಡರು. ಮೂಲದಲ್ಲಿ ನಾವಿಕ ಚೆಕೊವ್ ಆಗಿದ್ದ ವಾಲ್ಟರ್ ಕೇನಿಗ್ ಮಾತ್ರ ಖರ್ಚಿನ ಕಾರಣಕ್ಕೆ ಹೊರಗೇ ಉಳಿದರು. ಅವರು 'ದಿ ಇನ್ಫಿನಿಟ್ ವಲ್ಕನ್' ಕಂತನ್ನು ಬರೆದರು.

ಅತಿಥಿ ಪಾತ್ರಗಳಿಗೆ ಬೇರೆ ಕಲಾವಿದರು ಅಪರೂಪ. ಗಂಡು ದನಿಯಾದರೆ ಹೆಚ್ಚುಪಾಲು ಡೂಹನ್, ಹೆಣ್ಣಾದರೆ ಬ್ಯಾರೆಟ್ ಅಥವಾ ನಿಕೋಲ್ಸ್. ಡೂಹನ್ ಅವರನ್ನು ಗುರುತಿಸುವುದು ಕಷ್ಟ, ಅಷ್ಟು ಬದಲಾಯಿಸುತ್ತಾರೆ. ಅವರದೇ ಎರಡು ಪಾತ್ರಗಳಾದ ಸ್ಕಾಟಿ ಮತ್ತು ಅರೆಕ್ಸ್ ಒಂದೇ ದೃಶ್ಯದಲ್ಲಿ ಮಾತಾಡಿದಾಗ ಕೇಳಿ, ಒಂದೇ ಗಂಟಲು ಅಂತ ನಂಬಿಕೆ ಬರುವುದಿಲ್ಲ.

ಮೊದಲ ಕೆಲವು ಕಂತುಗಳಿಗೆ ಎಲ್ಲರೂ ಒಟ್ಟಿಗೆ ಕೂತು ರೆಕಾರ್ಡ್ ಮಾಡಿದ್ದಾರೆ. ಆಮೇಲೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಟೇಪ್ ಮಾಡಿ ಕಳಿಸಿದ್ದಾರೆ. 'ಯೆಸ್ಟರ್‌ಇಯರ್' ಒಟ್ಟಿಗೆ ಮಾಡಿದ್ದು. ಹೆಡ್‌ಫೋನ್ ಹಾಕಿಕೊಂಡು ಅದನ್ನೂ ಆಮೇಲಿನ ಯಾವುದಾದರೂ ಒಂದನ್ನೂ ಬೆನ್ನಿಗೆ ಬೆನ್ನಿಗೆ ಕೇಳಿ. ಒಬ್ಬರ ಮಾತಿನ ಬಾಲ ಹಿಡಿದು ಇನ್ನೊಬ್ಬರು ಎತ್ತಿಕೊಳ್ಳುವುದು ಒಂದರಲ್ಲಿದೆ. ಇನ್ನೊಂದರಲ್ಲಿ ಪ್ರತಿ ಮಾತಿನ ನಂತರ ಒಂದು ಸಣ್ಣ ಖಾಲಿ, ಸಂಕಲನಕಾರ ಜೋಡಿಸಿದ ಖಾಲಿ.

ಸಂಗೀತ ರೇ ಎಲ್ಲಿಸ್ ಅವರದು, ತೆರೆಯ ಮೇಲೆ ಇವೆಟ್ ಬ್ಲೇ ಮತ್ತು ಜೆಫ್ ಮೈಕೆಲ್ ಅಂತ ಬರುತ್ತದೆ. ಮೂಲದ ಶೀರ್ಷಿಕೆ ಸಂಗೀತ ಇಲ್ಲ. ಒಂದಷ್ಟು ತುಣುಕುಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡು 22 ಕಂತಿಗೂ ಅವನ್ನೇ ತಿರುಗಿಸಿದ್ದಾರೆ. ಮೂರನೇ ಕಂತಿನ ಹೊತ್ತಿಗೆ ಅಪಾಯದ ತುಣುಕು ಯಾವುದು, ಒಗಟಿನ ತುಣುಕು ಯಾವುದು ಅಂತ ಬಾಯಿಪಾಠವಾಗುತ್ತದೆ. ಇದು ನಿಜವಾದ ಕೊರತೆ, ನಾನು ಸಮರ್ಥಿಸುವುದಿಲ್ಲ.

ಮೂರನೇ_ಕೈ

ಉಳಿತಾಯವೇ ಹೊಸ ಕಲ್ಪನೆ ಆದ ಜಾಗ ಒಂದಿದೆ: ಜೀವರಕ್ಷಕ ಬೆಲ್ಟ್. ಗಾಳಿ ಇಲ್ಲದ ಕಡೆ ಹೋಗಬೇಕಾದರೆ ವ್ಯೋಮ ಉಡುಪು ಬೇಕು. ಹೊಸ ಉಡುಪು ಅಂದರೆ ಕ್ಯಾಪ್ಟನ್ ಕರ್ಕ್, ಅವನ ಸಹಾಯಕ ಸ್ಪಾಕ್, ವೈದ್ಯ ಮೆಕಾಯ್ ಎಲ್ಲರ ನಡಿಗೆ, ತಿರುಗುವಿಕೆ, ಪಕ್ಕದ ನೋಟ ಮತ್ತೆ ಹೊಸದಾಗಿ ಬರೆಯಬೇಕು, ಸಂಗ್ರಹದಲ್ಲಿದ್ದ ಒಂದು ಚಿತ್ರವೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಸೊಂಟಕ್ಕೊಂದು ಬೆಲ್ಟ್ ಕೊಟ್ಟರು, ಮೈ ಸುತ್ತ ಹಳದಿ ಹೊಳಪಿನ ಒಂದು ಅಂಚು. ಹಳೆಯ ಚಿತ್ರಗಳು ಹಾಗೇ ಉಳಿದವು. ನೋಡುವವರಿಗೆ ಸಿಕ್ಕಿದ್ದು ಮುಖ ಮುಚ್ಚುವ ಹೆಲ್ಮೆಟ್ ಇಲ್ಲದೆ ಬರಿಯ ಅಂತರಿಕ್ಷದಲ್ಲಿ ನಿಂತ ಮನುಷ್ಯರು. 'ಬಿಯಾಂಡ್ ದ ಫಾರ್ದೆಸ್ಟ್ ಸ್ಟಾರ್'ನಲ್ಲಿ ಮೊದಲು ಬರುತ್ತದೆ.

ಅರೆಕ್ಸ್ ಕೂಡ ಹಾಗೇ. ಮೂರು ಕೈ, ಮೂರು ಕಾಲಿನ ನಾವಿಕ, ಚೆಕೊವ್ ಜಾಗಕ್ಕೆ ಬಂದವನು. 1960ರ ದಶಕದ ಧಾರಾವಾಹಿಯಲ್ಲಿ ಇಂಥವನನ್ನು ವಾರವಾರ ತೋರಿಸುವುದು ಸಾಧ್ಯವೇ ಇರಲಿಲ್ಲ, ಇಲ್ಲಿ ಬರೆದರಾಯಿತು. ಆದರೆ ಗಮನಿಸಿ, ಅವನು ಹೆಚ್ಚಾಗಿ ಕೂತೇ ಇರುತ್ತಾನೆ. ಮೂರು ಕಾಲಿನ ನಡಿಗೆಗೆ ಸಂಗ್ರಹದಲ್ಲಿ ಚಿತ್ರ ಇಲ್ಲವಲ್ಲ. ಬೆಕ್ಕಿನ ಕುಲದ ಮ್ರೆಸ್ 'ದ ಸರ್ವೈವರ್' ಕಂತಿನಿಂದ ಬರುತ್ತಾಳೆ, ದನಿ ಬ್ಯಾರೆಟ್. ಬ್ರಿಡ್ಜ್‌ಗೆ ಎರಡನೇ ಬಾಗಿಲೂ ಈ ಸರಣಿಯಲ್ಲೇ ಬಂದದ್ದು.

'ದ ಸ್ಲೇವರ್ ವೆಪನ್'ನಲ್ಲಿ ಕ್‌ಜಿಂಟಿಗಳ (ಬೆಕ್ಕಿನಂಥ ಅನ್ಯಗ್ರಹದ ಕುಲ) ಉಡುಪು ಗುಲಾಬಿ ಬಣ್ಣಕ್ಕೆ ಬಂದದ್ದು ನಿರ್ದೇಶಕರಿಗೆ ಬಣ್ಣಗುರುಡು ಇದ್ದದ್ದರಿಂದ ಅಲ್ಲವೇ?

ಪೆಗ್‌ಬಾರ್

ಆ ಮಾತು ಬಹಳ ಓಡಾಡಿದೆ. ಆದರೆ ಅಲ್ಲೇ ವಿನ್ಯಾಸದ ಕೆಲಸ ಮಾಡುತ್ತಿದ್ದ ಬಾಬ್ ಕ್ಲೈನ್ ಬೇರೆ ಹೇಳಿದ್ದಾರೆ: ಬಣ್ಣ ನಿರ್ಧರಿಸುತ್ತಿದ್ದವರು ಇರ್ವ್ ಕ್ಯಾಪ್ಲನ್, ಗುಲಾಬಿ ಕಂಡರೆ ಅದು ಅವರದ್ದೇ ಆಯ್ಕೆ. ಕೆಲಸ ಹಂಚಿಕೆಯಾಗಿದ್ದ ರೀತಿ ನೋಡಿದರೆ ನನಗೆ ಇದೇ ಸರಿ ಅನ್ನಿಸುತ್ತದೆ. ಬಣ್ಣ ವಿಭಾಗ ಬೇರೆಯೇ ಇತ್ತು.

ಅಂದಹಾಗೆ ಆ ಕಂತು ಲ್ಯಾರಿ ನಿವೆನ್ ತಮ್ಮದೇ ಸಣ್ಣಕಥೆಯಿಂದ ಮಾಡಿದ್ದು. ಕರ್ಕ್ ಇಲ್ಲ, ಮೆಕಾಯ್ ಇಲ್ಲ, ಹಡಗೂ ಇಲ್ಲ. ಸ್ಪಾಕ್, ಚುಕ್ಕಾಣಿ ಹಿಡಿಯುವ ಸುಲು, ಸಂಪರ್ಕ ನೋಡಿಕೊಳ್ಳುವ ಉಹುರಾ ಮೂವರೇ. ಸುಲು ಮತ್ತು ಉಹುರಾಗೆ ಇಷ್ಟು ಮಾತು ಸಿಕ್ಕ ಕಂತು ಮೂಲ ಧಾರಾವಾಹಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಹೊಸಬ_22

'ಯೆಸ್ಟರ್‌ಇಯರ್' ಮಕ್ಕಳ ಜೊತೆ ನೋಡಬಹುದಾ? ಎಂಟು ವರ್ಷದವರು ಇದ್ದಾರೆ.

ಶಿಖಾರ್_ದಾರಿ

ನೋಡಬಹುದು, ಆದರೆ ಪಕ್ಕದಲ್ಲಿ ಕೂತಿರಿ. ಅದರಲ್ಲಿ ಸಾಕುಪ್ರಾಣಿ ಸಾಯುತ್ತದೆ. ಕಥೆ ಗೊತ್ತಾದರೂ ಪರವಾಗಿಲ್ಲ ಅನ್ನುವವರು ಮಾತ್ರ ಮುಂದೆ ಓದಿ.

ಕಾಲದ ಬಾಗಿಲಿನಿಂದ ಸ್ಪಾಕ್ ವಾಪಸ್ ಬಂದಾಗ ಹಡಗಿನಲ್ಲಿ ಯಾರಿಗೂ ಅವನ ಗುರುತಿಲ್ಲ, ಅವನ ಜಾಗದಲ್ಲಿ ಥೆಲಿನ್ ಅನ್ನುವ ಆಂಡೋರಿಯನ್ (ಬೇರೊಂದು ಅನ್ಯಗ್ರಹ ಕುಲದವನು) ಇದ್ದಾನೆ. ಈ ಇತಿಹಾಸದಲ್ಲಿ ಸ್ಪಾಕ್ ಏಳನೇ ವಯಸ್ಸಿಗೇ ಮರುಭೂಮಿಯಲ್ಲಿ ಸತ್ತಿದ್ದಾನೆ. ಹಿಂದೆ ತನ್ನನ್ನು ಉಳಿಸಿದ ದೂರದ ಸಂಬಂಧಿ ಸೆಲೆಕ್ ಬೇರೆ ಯಾರೂ ಅಲ್ಲ, ತಾನೇ ಅಂತ ಅವನಿಗೆ ತಿಳಿಯುತ್ತದೆ. ಅದಕ್ಕೆ ಅವನು ಬಾಲ್ಯದ ಮನೆಗೆ ಅತಿಥಿಯಾಗಿ ಹೋಗಬೇಕು.

ಸ್ಪಾಕ್‌ನ ಗ್ರಹವಾದ ವಲ್ಕನ್‌ನ ಹುಡುಗರಿಗೆ 'ಕಾಸ್-ವಾನ್' ಅನ್ನುವ ಪರೀಕ್ಷೆ, ಅನ್ನ ನೀರು ಆಯುಧ ಇಲ್ಲದೆ ಹತ್ತು ದಿನ ಮರುಭೂಮಿಯಲ್ಲಿ ಬದುಕಿ ಬರಬೇಕು. ಪುಟ್ಟ ಸ್ಪಾಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಮುಂಚೆಯೇ ಕದ್ದು ಹೊರಡುತ್ತಾನೆ. ಹಿಂದೆಯೇ ಐ-ಚಾಯಾ, ಅವನಿಗಿಂತ ಮೊದಲು ಅವನ ಅಪ್ಪನ ಜೊತೆ ಬೆಳೆದ ಮುದಿ ಸೆಹ್ಲಾಟ್, ದಪ್ಪ ಕರಡಿಯಂಥ ಪ್ರಾಣಿ. ವಿಷದ ಉಗುರಿನ ಲೆ-ಮಾತ್ಯಾ ಎರಗಿದಾಗ ಅಡ್ಡ ಬರುವುದು ಅದೇ. ಮೊದಲ ಸಲ ನಡೆದಿದ್ದ ಇತಿಹಾಸದಲ್ಲಿ ಹೀಗಾಗಿರಲಿಲ್ಲ. ಹುಡುಗ ಊರಿಗೆ ಓಡಿ ವೈದ್ಯನನ್ನು ಕರೆತರುತ್ತಾನೆ. ವೈದ್ಯ ಎರಡು ದಾರಿ ಹೇಳುತ್ತಾನೆ: ಆಯುಷ್ಯ ಎಳೆಯಬಹುದು, ನೋವಿನ ಜೊತೆ. ಇಲ್ಲ, ಸಮಾಧಾನದಿಂದ ಕಳಿಸಿಕೊಡಬಹುದು. ನಿರ್ಧಾರ ಹುಡುಗನದು, ದೊಡ್ಡ ಸ್ಪಾಕ್ ಬಾಯಿ ಹಾಕುವುದಿಲ್ಲ. ಬಿಟ್ಟುಕೊಡು ಅನ್ನುತ್ತಾನೆ ಹುಡುಗ.

ಈ ದೃಶ್ಯದಲ್ಲಿ ಚಲನೆ ಇಲ್ಲದಿರುವುದು ಕೊರತೆ ಅನ್ನಿಸುವುದೇ ಇಲ್ಲ. ಭಾವನೆ ತಡೆದುಕೊಳ್ಳುವುದೇ ಧರ್ಮ ಅಂತ ಬೆಳೆದ ಜನ ಅವರು. ಅಲುಗದ ಮುಖ, ನಿಧಾನ ದನಿ, ಹಿಂದೆ ಕೆಂಪು ಗುಡ್ಡ. ಶನಿವಾರ ಬೆಳಗ್ಗೆ ಮಕ್ಕಳಿಗೆ ಪ್ರಾಣಿಯ ಸಾವು ತೋರಿಸುವುದು ವಾಹಿನಿಗೆ ಇಷ್ಟವಿರಲಿಲ್ಲ, ಫಾಂಟಾನಾ ಬಿಡಲಿಲ್ಲ. ಬಿಟ್ಟಿದ್ದರೆ ಕಂತಿನಲ್ಲಿ ಏನೂ ಉಳಿಯುತ್ತಿರಲಿಲ್ಲ.

ತಪ್ಪೂ ಇದೆ. ವಲ್ಕನ್ ಆಕಾಶದಲ್ಲಿ ದೊಡ್ಡ ಚಂದ್ರನಂಥದ್ದು ಕಾಣುತ್ತದೆ. ವಲ್ಕನ್‌ಗೆ ಚಂದ್ರನೇ ಇಲ್ಲ ಅಂತ 1966ರಲ್ಲೇ ಸ್ಪಾಕ್ ಉಹುರಾಗೆ ಹೇಳಿದ್ದಾನೆ. 1979ರ ಸಿನಿಮಾದಲ್ಲೂ ಇದೇ ತಪ್ಪು ಮರುಕಳಿಸಿತು, 2001ರ ನಿರ್ದೇಶಕರ ಆವೃತ್ತಿಯಲ್ಲಿ ತಿದ್ದಿದರು.

ಇಂಟರ್‌ಲೇಸ್

ಕಥೆಯ ಬಗ್ಗೆ ನನ್ನ ದೊಡ್ಡ ತಕರಾರು ಟ್ರಾನ್ಸ್‌ಪೋರ್ಟರ್, ಜನರನ್ನು ಕರಗಿಸಿ ಇನ್ನೊಂದು ಕಡೆ ಮೂಡಿಸುವ ಯಂತ್ರ. 'ದ ಲೊರಲೈ ಸಿಗ್ನಲ್'ನಲ್ಲಿ ಗಂಡಸರು ಮುದುಕರಾಗುತ್ತಾರೆ, ಟ್ರಾನ್ಸ್‌ಪೋರ್ಟರ್ ಹಾಯಿಸಿ ಸರಿ ಮಾಡುತ್ತಾರೆ. 'ದ ಟೆರಾಟಿನ್ ಇನ್ಸಿಡೆಂಟ್'ನಲ್ಲಿ ಎಲ್ಲರೂ ಕುಗ್ಗುತ್ತಾರೆ, ಅದೇ ಮದ್ದು. 'ದ ಕೌಂಟರ್-ಕ್ಲಾಕ್ ಇನ್ಸಿಡೆಂಟ್'ನಲ್ಲಿ ಮಕ್ಕಳಾಗುತ್ತಾರೆ, ಮತ್ತೆ ಅದೇ. ಹಳೆಯ ಮೈಯ ನಕ್ಷೆ ಯಂತ್ರದಲ್ಲಿ ಉಳಿಯುತ್ತದೆ ಅಂದಮೇಲೆ ಈ ಹಡಗಿನಲ್ಲಿ ಯಾರೂ ಸಾಯಲೇಬಾರದು.

ಶಿಖಾರ್_ದಾರಿ

ತಕರಾರು ನ್ಯಾಯವೇ. 24 ನಿಮಿಷದಲ್ಲಿ ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿ ಮುಗಿಸಬೇಕಾದ ಒತ್ತಡ ಅದು. ಈ ಮೂರನ್ನು ಒಂದೇ ವಾರ ನೋಡಬೇಡಿ ಅನ್ನುವುದಷ್ಟೇ ನನ್ನ ಸಲಹೆ. ಆದರೆ 'ಲೊರಲೈ'ಯಲ್ಲಿ ಗಂಡಸರೆಲ್ಲ ಕೈಲಾಗದೆ ಬಿದ್ದಾಗ ಉಹುರಾ ಹಡಗಿನ ಅಧಿಕಾರ ವಹಿಸಿಕೊಳ್ಳುತ್ತಾಳೆ, ಹೆಂಗಸರದೇ ತಂಡ ಕಟ್ಟಿ ಇಳಿಯುತ್ತಾಳೆ. ಮೂಲದ 79 ಕಂತುಗಳಲ್ಲಿ ಅವಳಿಗೆ ಸಿಗದ ಕುರ್ಚಿ ಇಲ್ಲಿ ಸಿಕ್ಕಿತು.

ಮುಂದೆ ಬಂದ ಸ್ಟಾರ್ ಟ್ರೆಕ್‌ಗೆ ಇಲ್ಲಿಂದ ಹೋದದ್ದು ಕಡಿಮೆಯಲ್ಲ. ಕರ್ಕ್‌ನ ನಡುಹೆಸರು ಟೈಬೀರಿಯಸ್ ಮೊದಲು ಕೇಳಿಬರುವುದು 'ಬೆಮ್'ನಲ್ಲಿ. ಕೋಣೆಯೊಳಗೆ ಕಾಡು, ಹಿಮ ಎಲ್ಲ ಹುಟ್ಟಿಸುವ ಮನರಂಜನಾ ಕೊಠಡಿ 'ದ ಪ್ರಾಕ್ಟಿಕಲ್ ಜೋಕರ್'ನಲ್ಲಿದೆ, 1974ರಲ್ಲಿ. ಮುಂದಿನ ಧಾರಾವಾಹಿಯಲ್ಲಿ ಇಂಥದೇ ಕೊಠಡಿ, ಹಾಲೊಡೆಕ್, ಬಂದದ್ದು 1987ರಲ್ಲಿ. ಎಂಟರ್‌ಪ್ರೈಸ್‌ನ ಮೊದಲ ಕ್ಯಾಪ್ಟನ್ ರಾಬರ್ಟ್ ಏಪ್ರಿಲ್ ಕೊನೆಯ ಕಂತಿನಲ್ಲಿ ಬಂದವನು, 2022ರಲ್ಲಿ ಹೊಸ ಧಾರಾವಾಹಿಯಲ್ಲಿ ನಟರೊಬ್ಬರು ಆ ಪಾತ್ರ ಮಾಡಿದರು. 1980ರ ದಶಕದ ಕೊನೆಗೆ ಈ ಸರಣಿಯನ್ನು ಅಧಿಕೃತ ಕಥೆಯಿಂದ ಹೊರಗಿಟ್ಟಿದ್ದರು. ಹಾಗಿದ್ದೂ 2004ರಲ್ಲಿ ನಟರಿದ್ದ ಧಾರಾವಾಹಿಯೊಂದರಲ್ಲಿ ಸೆಹ್ಲಾಟ್ ತೆರೆಗೆ ಬಂತು.

ಮೂರನೇ_ಕೈ

'ಯೆಸ್ಟರ್‌ಇಯರ್' ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಗೆದ್ದದ್ದು ಸುಮ್ಮನೆ ಅಲ್ಲ.

ಶಿಖಾರ್_ದಾರಿ

ತಿದ್ದುಪಡಿ: ಪ್ರಶಸ್ತಿಗೆ ಕಳಿಸಿದ್ದು 'ಹೌ ಶಾರ್ಪರ್...' ಕಂತು. 1975ರ ಡೇಟೈಮ್ ಎಮ್ಮಿ, ಮಕ್ಕಳ ಮನರಂಜನಾ ಸರಣಿ ವಿಭಾಗ. ಬರೆದವರು ರಸೆಲ್ ಬೇಟ್ಸ್ ಮತ್ತು ಡೇವಿಡ್ ವೈಸ್. ಬೇಟ್ಸ್ ಕಯೋವಾ ಮೂಲನಿವಾಸಿ ಸಮುದಾಯದವರು. ಮಾಯಾ ಜನರ ದೇವತೆ ಕುಕುಲ್ಕಾನ್ ಭೂಮಿಗೆ ಬಂದುಹೋದ ಅನ್ಯಗ್ರಹದ ಜೀವಿ ಅನ್ನುವ ಎಳೆ, ಅದನ್ನು ಮೊದಲು ಗುರುತು ಹಿಡಿಯುವವನು ಕೊಮಾಂಚಿ ಸಿಬ್ಬಂದಿ ವಾಕಿಂಗ್ ಬೇರ್. ಶೀರ್ಷಿಕೆ ಶೇಕ್ಸ್‌ಪಿಯರನ ಲಿಯರ್ ನಾಟಕದ ಸಾಲು, ಉಪಕಾರ ಮರೆತ ಮಗುವಿನ ಕಚ್ಚು ಹಾವಿನ ಹಲ್ಲಿಗಿಂತ ಹರಿತ ಅನ್ನುವುದು. ಸಾಕಿದ ದೇವರು, ದೊಡ್ಡವರಾದ ಮಕ್ಕಳು, ಕಂತು ಪೂರ್ತಿ ಅದೇ.

ತಾಳಮದ್ದಳೆ

ಒಂದು ಪ್ರಶ್ನೆ. ದೂರದರ್ಶನದಲ್ಲಿ ಬರುತ್ತಿದ್ದ ಹೀ-ಮ್ಯಾನ್ ಕೂಡ ಇದೇ ಫಿಲ್ಮೇಷನ್ ಅಲ್ಲವೋ? ಓಡುವುದು, ತಿರುಗಿ ನೋಡುವುದು ಎಲ್ಲ ಅದೇ ಥರ ಕಾಣುತ್ತದೆ.

ಪೆಗ್‌ಬಾರ್

ಅದೇ ಸ್ಟುಡಿಯೊ, ಹತ್ತು ವರ್ಷದ ನಂತರ, 1983. ಅಲ್ಲಿ 130 ಕಂತು, ಸಂಗ್ರಹದ ಪದ್ಧತಿ ಪೂರ್ತಿ ಪಳಗಿದೆ. ಕತ್ತಿ ಎತ್ತಿ ರೂಪ ಬದಲಿಸುವ ದೃಶ್ಯ ಒಮ್ಮೆ ಚೆನ್ನಾಗಿ ಬರೆದು ಬಹುತೇಕ ಎಲ್ಲ ಕಂತಿಗೂ ಹಾಕಿದರು. ನಟರನ್ನು ಚಿತ್ರೀಕರಿಸಿ ಅದರ ಮೇಲೆ ಗೆರೆ ಎಳೆದ ಓಟ, ನೆಗೆತಗಳೂ ಇದ್ದವು. ಹಾಗಾಗಿ ಹೀ-ಮ್ಯಾನ್ ಹೆಚ್ಚು ಅಲ್ಲಾಡುತ್ತಾನೆ. ಆ ಕಣ್ಣಿರುವವರಿಗೆ 1973ರ ಬ್ರಿಡ್ಜ್ ಇನ್ನಷ್ಟು ನಿಶ್ಚಲ ಅನ್ನಿಸುವುದು ಸಹಜ. ಹಿನ್ನೆಲೆ ಚಿತ್ರಗಳಿಗೆ ಬಂದರೆ ನನ್ನ ಮತ ಸ್ಟಾರ್ ಟ್ರೆಕ್‌ಗೇ. 'ದಿ ಆಂಬರ್‌ಗ್ರಿಸ್ ಎಲಿಮೆಂಟ್'ನ ನೀರೊಳಗಿನ ನಗರವನ್ನು ಒಮ್ಮೆ ನಿಲ್ಲಿಸಿ ನೋಡಿ.

ಕಿವಿಗೊಟ್ಟು

ಓದುವ ಅಭ್ಯಾಸ ಇರುವವರಿಗೆ: ಅಲನ್ ಡೀನ್ ಫಾಸ್ಟರ್ 22 ಕಂತನ್ನೂ ಹತ್ತು ಪುಸ್ತಕಗಳಲ್ಲಿ ಕಥೆಯಾಗಿ ಬರೆದಿದ್ದಾರೆ, 1974ರಿಂದ 78ರವರೆಗೆ. ಮೊದಲ ಆರರಲ್ಲಿ ಮೂರು ಮೂರು ಕಂತು, ಕೊನೆಯ ನಾಲ್ಕರಲ್ಲಿ ಒಂದೊಂದೇ. ಕೊನೆಯ ನಾಲ್ಕರಲ್ಲಿ ಕಥೆ ಕಂತಿಗಿಂತ ಎಷ್ಟೋ ದೂರ ಬೆಳೆದಿದೆ, ಕಂತು ನೋಡಿದ ಮೇಲೆಯೇ ಓದಿ.

ಹೊಸಬ_22

ನಿನ್ನೆ 'ಯೆಸ್ಟರ್‌ಇಯರ್' ಆಯಿತು. ಮಕ್ಕಳು ಐ-ಚಾಯಾಗೆ ಔಷಧ ಯಾಕೆ ಕೊಡಲಿಲ್ಲ ಅಂತ ಕೇಳುತ್ತಿದ್ದಾರೆ. ಮುಂದೆ ಯಾವುದು ಹಾಕಲಿ, ಸ್ವಲ್ಪ ಹಗುರವಾದದ್ದು?

ಶಿಖಾರ್_ದಾರಿ

'ಮೋರ್ ಟ್ರಿಬಲ್ಸ್, ಮೋರ್ ಟ್ರಬಲ್ಸ್'. ಡೇವಿಡ್ ಗೆರೋಲ್ಡ್ ತಮ್ಮ ಹಳೆಯ ಕಂತಿಗೇ ಬರೆದ ಮುಂದುವರಿಕೆ. ಟ್ರಿಬಲ್ ಅನ್ನುವ ಉಣ್ಣೆ ಉಂಡೆಯಂಥ ಪ್ರಾಣಿಗಳು ಈ ಸಲ ಮರಿ ಹಾಕುವುದಿಲ್ಲ, ಬದಲಿಗೆ ಉಬ್ಬುತ್ತಾ ಹೋಗುತ್ತವೆ. ಔಷಧದ ಪ್ರಶ್ನೆಗೆ ವೈದ್ಯ ಮಾತಾಡುವ ಒಂದು ನಿಮಿಷವನ್ನು ಮಕ್ಕಳ ಜೊತೆ ಇನ್ನೊಮ್ಮೆ ನೋಡಿ, ಉತ್ತರ ಅಲ್ಲೇ ಇದೆ.